ಎರಡನೇ ವರ್ಷದ ಹಳದಿ ಹೂ

"ಮುಟ್ಬೇಡಿ ಅದನ್ನ!"

ಗಿಡದತ್ತ ಚಾಚಿದ್ದ ಮುತ್ತರಾಯಪ್ಪನ ಕೈ ಅಲ್ಲೇ ನಿಂತಿತು. ತಿಂಗಳುಗಟ್ಟಲೆ ಕಾಣದಿದ್ದ ಗಂಡ ಹಿತ್ತಲಲ್ಲಿ ನಿಂತಿರುವುದನ್ನು ನೋಡಿ ರಾಮಲಕ್ಷ್ಮಿ ಹೊಸ್ತಿಲು ದಾಟಿ ಓಡಿ ಬಂದಿದ್ದಳು. ಅಂಚೆಟ್ಟಿಯಲ್ಲಿ ಬಸ್ಸಿಳಿದು, ಕಾಡುದಾರಿ ನಡೆದು ಅವಳ ತವರಿಗೆ ಬಂದಿದ್ದಾನೆ. ಸೊರಗಿದ್ದಾನೆ. ಸೊರಗಲಿ!

"ಇದು... ನಾನ್ ತಂದ ಬೀಜದ್ದಾ?"

"ಹೂಂ. ನಿಮ್ಮವ್ವ ಕಿತ್ತು ಬಿಸಾಕಿದ್ರಲ್ಲ, ಅದ್ರಲ್ಲಿ ಉಳ್ದಿದ್ದು."

ಎಂಬತ್ತೆರಡರ ಮಳೆಗಾಲದಲ್ಲಿ ಬೀಜ ತಂದವನು ಅವನೇ. ಅವನು ಕೆಲಸ ಮಾಡುವ ಮೂಕಂಡಪಲ್ಲಿಯ ಫ್ಯಾಕ್ಟರಿಯ ಮಾಲಿ ಶ್ಯಾಮಣ್ಣ ಕೊಟ್ಟಿದ್ದ ಕಾಡುಹೂವಿನ ಬೀಜ. ಮೊದಲ ವರ್ಷ ಬರೀ ಎಲೆ, ಎರಡನೇ ವರ್ಷ ಸಂಜೆಹೊತ್ತು ಹೂ ಅಂದಿದ್ದನಂತೆ. ರಾಮಲಕ್ಷ್ಮಿ ಆಸೆಯಿಂದ ಬಿತ್ತಿದಳು. ಗಿಡಗಳು ಮೂಲಂಗಿಯಂತೆ ಎಲೆ ಹರಡಿ ಸುಮ್ಮನೆ ಕೂತವು. ಅತ್ತೆ ಮುನಿಗಂಗಮ್ಮನ ತಾಳ್ಮೆ ಎಷ್ಟು ದಿನ?

"ಹೂ ಬುಡ್ದಿರೋ ಗಿಡ, ಹೆರ್ದಿರೋ ಸೊಸೆ! ಎಲ್ಡೂ ಯಾಕ್ಲಾ ಈ ಮನೇಗೆ? ನಿಂಗೆ ಬ್ಯಾರೆ ಹೆಣ್ಣು ನೋಡ್ತೀನಿ!" ಎಂದು ಮಗನೆದುರೇ ಕಿತ್ತೆಸೆದಳು.

ಮುತ್ತರಾಯಪ್ಪ ಬಾಗಿಲಲ್ಲೇ ನಿಂತಿದ್ದ. ಬಾಯಿಗೆ ಬೀಗ! ರಾಮಲಕ್ಷ್ಮಿ ಉಳಿದೊಂದು ಸಸಿಯನ್ನು ಮಣ್ಣಿನ ಸಮೇತ ಡಬ್ಬಿಗೆ ಹಾಕಿಕೊಂಡು ಅವತ್ತೇ ತವರಿಗೆ ಹೊರಟಿದ್ದಳು.

ಈಗ ಅದು ಅವಳ ಎದೆಮಟ್ಟ ಬೆಳೆದಿದೆ. ಹೊತ್ತು ಮುಳುಗಿತು. ಇಬ್ಬರೂ ನೋಡುತ್ತಿದ್ದಂತೆ ಮೊಗ್ಗೊಂದು ನಡುಗಿ ಬಿಚ್ಚಿಕೊಂಡಿತು... ಅಚ್ಚ ಹಳದಿ!

ಮುತ್ತರಾಯಪ್ಪನ ಕಣ್ಣು ತುಂಬಿತು.

"ಕೊರತೆ ನಿಂದಲ್ಲ ಕಣೇ... ನಂದು. ಡಾಕ್ಟ್ರು ಅವಾಗ್ಲೇ ಹೇಳ್ಬುಟ್ಟಿದ್ರು. ಅದು ಹೆಂಗೋ ನಿಂಗೆ ತಿಳ್ದು ನನ್ನ ಬುಟ್ಟೋದೆ ಅಂದ್ಕೊಂಡಿದ್ದೆ."

"ನಂಗೊತ್ತಿತ್ತು."

ಅವನು ತಲೆ ಎತ್ತಿ ನೋಡಿದ.

"ಆಸ್ಪತ್ರೆಯಿಂದ ಬಂದು ಗೋಡೆ ಕಡೆ ತಿರುಗಿ ಅತ್ರಲ್ಲ, ಅವತ್ತೇ ಗೊತ್ತಾಯ್ತು. ಅದಕ್ಕಲ್ಲ ನಾನು ಬಂದಿದ್ದು. ನಾನು ಬಂಜೆ ಅನ್ನಿಸ್ಕೊಂಡೆ, ನೀವು ನಿಂತ್ಕೊಂಡು ಕೇಳಿದ್ರಿ... ಅದಕ್ಕೆ!"



"ಅವ್ವಂಗೆ ಎಲ್ಲಾ ಹೇಳ್ಬುಟ್ಟೆ. ಬಾಗ್ಲಾಕ್ಕೊಂಡ್ಲು," ಎಂದ. "ಮತ್ತಿಗಿರೀಲಿ ಒಂದು ರೂಮು ಹಿಡ್ದಿವ್ನಿ. ಬತ್ತೀಯಾ?"

ಅವಳ ಸಿಟ್ಟು ಇಳಿದಿರಲಿಲ್ಲ. ಪ್ರೀತಿಯೂ, ಹಾಳಾದ್ದು, ಹೋಗಿರಲಿಲ್ಲ!

"ಮಕ್ಳಿರಲ್ಲ ಕಣೇ. ನಂಗೇನಾದ್ರೂ ಆದ್ರೆ ನಿಂಗ್ಯಾರೂ ಇರಲ್ಲ."

"ಇನ್ನೊಂದ್ಸಲ ನನ್ನ ಯಾರಾದ್ರೂ ಅಂದಾಗ ಸುಮ್ಕಿದ್ರೆ, ನಿಮ್ಗೂ ಯಾರೂ ಇರಲ್ಲ."

ಹೇಳಿ, ಅವನ ಕೈ ಹಿಡಿದಳು.

"ನಾಳೆ ಮೊದಲ್ನೇ ಬಸ್ಸಿಗೆ ಹೋಗಾಣಾ...?"

"ಹೋಗಾಣ. ಈಗ ಒಳಕ್ಕೆ ಬನ್ನಿ, ಮುದ್ದೆ ಆರೋಯ್ತದೆ."