ಎಂಟನೆಯ ತಲೆ

ಇದನ್ನು ಅರ್ಧಕ್ಕೆ ಬಿಟ್ಟು ಏಳಬೇಡಿ, ಪೂರ್ತಿ ಕೇಳಿಬಿಡಿ. ಕೊನೆಗೆ ನಿಮ್ಮನ್ನೇ ಒಂದು ಮಾತು ಕೇಳುವುದಿದೆ. ನಡುವಿನದು ಗೊತ್ತಿಲ್ಲದೆ ಅದಕ್ಕೆ ಉತ್ತರ ಹೇಳಲಾಗುವುದಿಲ್ಲ.

"ಸಾಮೇರ, ಇಂಜಿನ್ನಿಗೆ ಏನರ ಮಾಡ್ಕೊಳ್ರಿ. ನೀರಿನ ಮ್ಯಾಲೆ ತಲಿ ಮಾತ್ರ ಎಣಿಸಬ್ಯಾಡ್ರಿ."

ಹಾಗೆಂದವನು ಸುಂಕಪ್ಪ. ನಲವತ್ತು ವರ್ಷ ಹರಿಗೋಲು ಹಾಕಿ, ಈಗ ಮೋಟಾರ್ ದೋಣಿಯ ಚುಕ್ಕಾಣಿ ಹಿಡಿದಿದ್ದ ಮುದುಕ. ಕೇಳಿಸಿಕೊಂಡವನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಪ್ರಹ್ಲಾದ, ಇಪ್ಪತ್ತಾರರ ಹುಡುಗ. ಸಾವಿರದ ಒಂಬೈನೂರ ಐವತ್ತೊಂದರ ಆಗಸ್ಟ್ ತಿಂಗಳು. ಸಿರುಗುಪ್ಪದ ಕಡೆಯ ದಡದಲ್ಲಿ ತುಂಗಭದ್ರೆ ಕೆಂಪಗೆ ಉಕ್ಕುತ್ತಿತ್ತು.

"ಯಾಕ, ತಲಿ ಎಣಿಸಿದ್ರ ಇಂಜಿನ್ನಿಗೆ ನಾಚಿಕಿ ಆಗ್ತೈತೇನು?" ಎಂದು ಪ್ರಹ್ಲಾದ ನಕ್ಕ.

ಅಕ್ಕಿ ಗಿರಣಿಯ ಚಿದಾನಂದಪ್ಪ ಮದ್ರಾಸಿನ ಹರಾಜಿನಲ್ಲಿ ಯುದ್ಧಕಾಲದ ಆ ಹಳೆಯ ದೋಣಿ ಹಿಡಿದು ತಂದು ಜನ ದಾಟಿಸಲು ಬಿಟ್ಟಿದ್ದ. ಮೂರು ತಿಂಗಳಿಂದ ಅದಕ್ಕೆ ಒಂದೇ ರೋಗ. ಖಾಲಿ ಇದ್ದಾಗ ಚೆನ್ನಾಗಿಯೇ ಓಡುವುದು. ಜನ ಹತ್ತಿ ನಡುಹೊಳೆಗೆ ಬಂದರೆ ಸಾಕು, ಏದುಸಿರು ಬಿಟ್ಟು ಕುಂಟುವುದು. ಅದನ್ನು ಸರಿಮಾಡಲೆಂದೇ ಪ್ರಹ್ಲಾದನನ್ನು ಕರೆಸಿದ್ದರು.

ಸುಂಕಪ್ಪ ದನಿ ತಗ್ಗಿಸಿದ. "ನಮ್ಮೋರು ಹರಿಗೋಲಿನಾಗ ಕುಂತೋರನ್ನ ಎಣಿಸಂಗಿಲ್ರಿ. ಎಣಿಸೋದೇನಿದ್ರೂ ದಡದ ಮ್ಯಾಲೆ. ನೀರಿನ ಮ್ಯಾಲೆ ಹೇಳಿದ ಲೆಕ್ಕ ಹೊಳಿ ಹಿಡ್ಕೊಂತೈತಿ. ಅದರಾಗ ಈ ದೋಣಿಗೆ ಆಕಿ ಬ್ಯಾರೆ ಗಂಟು ಕಟ್ಯಾಳ."

ಆಕೆ ಎಂದರೆ ಹುಲುಗಮ್ಮ. ಈ ದೋಣಿ ಎಬ್ಬಿಸಿದ ಅಲೆಗೆ ಸಿಕ್ಕಿ ಅವಳ ಗಂಡ ಗಾಳೆಪ್ಪನ ಹರಿಗೋಲು ಮಗುಚಿತ್ತು. ಹೆಣ ಸಿಗಲಿಲ್ಲ. ಅಂದಿನಿಂದ ಅವಳು ದಿನವೂ ಒಣಗಿದ ಪಂಚೆಯೊಂದನ್ನು ತೋಳಿನ ಮೇಲೆ ಹಾಕಿಕೊಂಡು ದಡದಲ್ಲಿ ನಿಲ್ಲುತ್ತಿದ್ದಳು. ಈಗಲೂ ನಿಂತಿದ್ದಳು.

ದೋಣಿಯ ಮೂತಿಗೆ ಕಪ್ಪು ಬಟ್ಟೆಯ ಗಂಟೊಂದು ಜೋತಾಡುತ್ತಿತ್ತು. ಸುಟ್ಟ ಕೂದಲು, ಕೊಳೆತ ನಿಂಬೆಹಣ್ಣು, ಅರಿಶಿನ, ಎಲ್ಲ ಕಲೆತ ವಾಸನೆ. ಪ್ರಹ್ಲಾದ ಚಾಕುವಿನಿಂದ ಅದನ್ನು ಕೊಯ್ದು ಹೊಳೆಗೆ ಎಸೆದ. ದಾರವನ್ನು ಮಾತ್ರ ಇಟ್ಟುಕೊಂಡು, ಪೆಟ್ರೋಲ್ ಪೈಪಿನ ಸಡಿಲ ಕೀಲಿಗೆ ಬಿಗಿಯಾಗಿ ಸುತ್ತಿದ.

"ಮಾಟದ ದಾರ ಗಟ್ಟಿ ಐತಿ ಬಿಡವ್ವಾ," ಎಂದ ಹುಲುಗಮ್ಮನಿಗೆ ಕೇಳುವಂತೆ.

ಅವಳು ಸಿಟ್ಟಾಗಲಿಲ್ಲ. "ನನ್ನ ಗಂಡ ದೋಣ್ಯಾಗ ಅದಾನಪ್ಪ. ಎಣಿಸೋರು ಬರ್ಲಿ ಅಂತ ಕಾಯಾಕತ್ತೀನಿ," ಎಂದಳು. ಅಷ್ಟೇ.

ಸುಂಕಪ್ಪನನ್ನು ಮಾತ್ರ ಹತ್ತಿಸಿಕೊಂಡು ಪ್ರಹ್ಲಾದ ಪರೀಕ್ಷೆಗೆ ಹೊರಟ. ಲಾರಿಯವರ ಪದ್ಧತಿಯಂತೆ ಮೊದಲು ಭಾರದ ಗುರುತು: ಖಾಲಿ ದೋಣಿ ಎಲ್ಲಿಯವರೆಗೆ ಮುಳುಗುತ್ತದೆಯೋ ಅಲ್ಲಿಗೊಂದು ಬಿಳಿ ಬಣ್ಣದ ಗೆರೆ ಎಳೆದ. ಇಂಜಿನ್ನು ಒಂದು ಸಲವೂ ಕೆಮ್ಮದೆ ಆಚೆ ದಡ ಮುಟ್ಟಿಸಿತು.

ಆಚೆ ದಡದಲ್ಲಿ ಒಂದು ಹೊರಸು, ಹಗ್ಗದ ಮಂಚ, ಕಾದಿತ್ತು. ಅದರ ಮೇಲೆ ಉಚ್ಚೆಂಗೆಮ್ಮ, ಚೊಚ್ಚಲ ಹೆರಿಗೆ, ಎರಡು ದಿನದ ನೋವು. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಕೈಚೆಲ್ಲಿದ್ದಳು. ಡಾಕ್ಟರಿದ್ದದ್ದು ಸಿರುಗುಪ್ಪದಲ್ಲಿ. ಹೊಳೆ ನೋಡಿ ಹರಿಗೋಲಿನವರು ಒಲ್ಲೆವೆಂದಿದ್ದರು. ಅವಳ ಗಂಡ ಚಂದ್ರಣ್ಣ ಪ್ರಹ್ಲಾದನ ಎಣ್ಣೆ ಬಡಿದ ಕೈಗಳನ್ನೇ ಹಿಡಿದುಕೊಂಡ.

"ನಿಮ್ಮ ಕಾಲು ಬೀಳ್ತೀನ್ರಿ. ಹೊತ್ತು ಮುಣುಗೋತನ ತಡಿಯಂಗಿಲ್ಲಂತ."

"ಕೈ ಬಿಡಪ್ಪ, ಹೊರಸು ಹಿಡಿ. ಅರ್ಧ ತಾಸಿನಾಗ ಡಾಕ್ಟರ ಮುಂದ ಇಳಿಸ್ತೀನಿ," ಎಂದ ಪ್ರಹ್ಲಾದ.

ಹೊರಸು ಏರಿತು. ಜೊತೆಗೆ ಉಚ್ಚೆಂಗೆಮ್ಮನ ತಾಯಿ ಹನುಮಮ್ಮ, ಚಂದ್ರಣ್ಣ, ಹೊರಸು ಹೊತ್ತ ಇಬ್ಬರು ಆಳುಗಳು. ಜಿಟಿಜಿಟಿ ಮಳೆ ಹಿಡಿಯಿತು. ಆ ಮೂವರು ಗಂಡಸರೂ ಕರಿಕಂಬಳಿಯ ಕೊಪ್ಪೆ ಹಾಕಿಕೊಂಡು ಮುಖ ಕಾಣದಂತೆ ಕುಕ್ಕರಿಸಿದರು. ದೋಣಿ ಹೊರಟಿತು.

ನಡುಹೊಳೆಯಲ್ಲಿ ಇಂಜಿನ್ನಿನ ದನಿ ಇಳಿಯಿತು.

ನಿಲ್ಲಲಿಲ್ಲ, ಇಳಿಯಿತು ಅಷ್ಟೇ. ದೋಣಿ ಮುಂದಕ್ಕೆ ಹೋಗುವುದರ ಬದಲು ಸೆಳವಿನ ಜೊತೆ ಕೆಳಕ್ಕೆ ಸರಿಯತೊಡಗಿತು. ಕೆಳಗಡೆ ಎರಡು ಫರ್ಲಾಂಗಿನಲ್ಲಿ ಬಂಡೆಗಳು. ಅಲ್ಲಿಂದ ರಾಗಿ ಬೀಸಿದಂಥ ಮೊರೆತ. ಹೊರಸಿನ ಮೇಲೆ ಉಚ್ಚೆಂಗೆಮ್ಮ ಸೆರಗು ಕಚ್ಚಿ ಮುಲುಗುತ್ತಿದ್ದಳು.

ಪ್ರಹ್ಲಾದ ಇಂಜಿನ್ ಆರಿಸಿ, ಮುಚ್ಚಳ ತೆಗೆದು, ಆ ಕತ್ತಲ ಗೂಡಿನೊಳಗೆ ತಲೆ ತೂರಿಸಿದ. ಕಾದ ಎಣ್ಣೆಯ ಹಬೆ ಮುಖಕ್ಕೆ ಬಡಿಯಿತು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯ ತೂತು ಕಟ್ಟಿದೆಯೇ? ಇಲ್ಲ. ದಾರ ಸುತ್ತಿದ ಕೀಲು ಸೋರುತ್ತಿದೆಯೇ? ಒಣಗಿತ್ತು. ಪೆಟ್ರೋಲಿನಲ್ಲಿ ನೀರು? ಇಲ್ಲ. ಪ್ಲಗ್ಗಿನ ಕಿಡಿ ನೀಲಿ. ಕಾರ್ಬುರೇಟರ್ ಬಿಚ್ಚಿ ಬಾಯಿಂದ ಊದಿದ. ಒಂದು ಕಸವಿಲ್ಲ.

"ನೀರಾಗಿನ ಫ್ಯಾನಿಗೆ ಜೊಂಡು ಸಿಕ್ಕೈತೇನು ನೋಡ್ರಿ ಯಾರನ," ಎಂದು ತಲೆ ಎತ್ತದೆಯೇ ಕೂಗಿದ. ಯಾರೋ ಹಗ್ಗ ಹಿಡಿದು ನೀರಿಗಿಳಿದ ಸದ್ದು. ಯಾರೋ ಹತ್ತಿದ ಸದ್ದು.

"ಏನೂ ಇಲ್ಲಂತ್ರಿ," ಎಂದ ಸುಂಕಪ್ಪ.

ಇಂಜಿನ್ ಮತ್ತೆ ಹಚ್ಚಿದ. ಅದೇ ಏದುಸಿರು. ಹಾಗಾದರೆ ಉಳಿದದ್ದು ಒಂದೇ, ಭಾರ. ಪ್ರಹ್ಲಾದ ಅಂಚಿಗೆ ಬಾಗಿ ಬಿಳಿ ಗೆರೆ ಹುಡುಕಿದ. ಗೆರೆ ನೀರಿನೊಳಗೆ ಗೇಣುದ್ದ ಕೆಳಗಿತ್ತು. ಏಳು ಜನಕ್ಕೆ ಅಷ್ಟು ಮುಳುಗಬಾರದು. ದೋಣಿಯ ತಳದಲ್ಲಿ ನೀರೂ ಹೊಕ್ಕಿರಲಿಲ್ಲ.

ಕೈ ತಾನಾಗಿಯೇ ಎದ್ದಿತು. ಬೆರಳು ಚಾಚಿ ಗಟ್ಟಿಯಾಗಿ ಎಣಿಸಿದ. ನಾನು ಒಂದು. ಸುಂಕಪ್ಪ ಎರಡು. ಬಾಣಂತಿಯಾಗಬೇಕಾದವಳು ಮೂರು. ಅವಳ ತಾಯಿ ನಾಲ್ಕು. ಕೊಪ್ಪೆಗಳು ಐದು, ಆರು, ಏಳು.

ಎಂಟು.

ಹತ್ತಿದ್ದು ಮೂರು ಕೊಪ್ಪೆ. ಈಗ ಕುಕ್ಕರಿಸಿದ್ದದ್ದು ನಾಲ್ಕು.

ಸುಂಕಪ್ಪ ಹಿಂತಿರುಗಲಿಲ್ಲ. ಅವನ ಕಣ್ಣು ಬಂಡೆಗಳ ಮೇಲೆ, ಕೈ ಚುಕ್ಕಾಣಿಯ ಮೇಲೆ. "ಎಣಿಸಿದಿರಲ್ರಿ," ಎಂದ. "ಯಾರೂ ತಲಿ ಎತ್ತಬ್ಯಾಡ್ರಿ. ಉಸುರು ಬಿಡಬ್ಯಾಡ್ರಿ. ಅವನ ಕಣ್ಣಾಗ ಕಣ್ಣಿಟ್ರ ಮುಗೀತು."

ಕೊಪ್ಪೆಗಳು ಮೊಣಕಾಲಿನ ನಡುವೆ ಇನ್ನಷ್ಟು ಕುಗ್ಗಿದವು.

"ಈಗ ಏನು ಮಾಡ್ಲಿ ಅಜ್ಜಾ?"

"ಎಣಿಸಿದವನ ಬಾಯಿಂದಲೇ ಲೆಕ್ಕ ಇಳೀಬೇಕು. ತಿರುಗಿ ಎಣಿಸ್ರಿ. ಅವನ್ನ ಬಿಟ್ಟು ಎಣಿಸ್ರಿ. ಲಗೂನ."

ಬಂಡೆಯ ಮೊರೆತ ಹತ್ತಿರವಾಯಿತು. ಹನುಮಮ್ಮ ಕಿರುಚಿದಳು: "ಕೂಸಿನ ಕೈ ಹೊರಗ ಬಂತು. ನನ್ನ ಮಗಳು ಸಾಯ್ತಾಳ್ರಿ ಯಪ್ಪಾ."

ನಾಲ್ಕು ಕೊಪ್ಪೆ. ಎಲ್ಲ ಕಪ್ಪು. ಯಾರು? ಪ್ರಹ್ಲಾದನ ಕಣ್ಣು ಓಡಿತು. ಮೊದಲ ಎರಡರ ಮೇಲೆ ಮಳೆಹನಿ ಮುತ್ತಿನಂತೆ ನಿಂತಿತ್ತು. ಮೂರನೆಯದರ ಮೇಲೆ ಒಂದು ಹನಿಯೂ ಇರಲಿಲ್ಲ. ನಾಲ್ಕನೆಯವನು ನಡುಗುತ್ತಿದ್ದ. ಅವನ ಪಂಚೆಯಿಂದ ಕೆಂಪು ನೀರು ಹರಿಯುತ್ತಿತ್ತು. ಕಾಲ ಬೆರಳ ಸಂದಿಯಲ್ಲಿ ಹೊಳೆಯ ರಾಡಿ. ಹಸಿ ಕೆಸರಿನ ವಾಸನೆ.

ಮುಳುಗಿದವನು. ಇವನೇ.

ಯೋಚಿಸಲು ಹೊತ್ತಿರಲಿಲ್ಲ. ಒಂದು. ಎರಡು. ಮೂರು. ನಾಲ್ಕು. ಮೊದಲ ಕೊಪ್ಪೆ, ಐದು. ಎರಡನೆಯದು, ಆರು. ಮೂರನೆಯದು, ಏಳು.

ಬಾಯಿ ಮುಚ್ಚಿದ. ಬೆರಳು ಮಡಚಿದ.

ಇಂಜಿನ್ನು ಗರ್ಜಿಸಿತು. ದೋಣಿ ಚಂಗನೆ ಮೇಲೆದ್ದಿತು. ಹಿಂದಿನಿಂದ ಸಣ್ಣದೊಂದು ಸದ್ದು, ಕೊಡ ಮುಳುಗಿದ ಹಾಗೆ. ತಿರುಗಿದರೆ ನಾಲ್ಕನೆಯ ಜಾಗ ಖಾಲಿ, ಹಲಗೆಯ ಮೇಲೆ ಒಂದಿಷ್ಟು ಕೆಂಪು ನೀರು. ಬಂಡೆಗಳು ಪಕ್ಕದಲ್ಲೇ ಹಾದು ಹಿಂದಾದವು. ಪ್ರಹ್ಲಾದ ನಕ್ಕ. ಅತ್ತ. ಎರಡೂ ಒಟ್ಟಿಗೆ ಬಂದವು.

ದಡ ಮುಟ್ಟಿತು. ಆಳುಗಳಿಬ್ಬರು ಕೊಪ್ಪೆ ಕಿತ್ತೆಸೆದು ಹೊರಸಿಗೆ ಹೆಗಲು ಕೊಟ್ಟರು.

"ಅಳಿಯಾ, ಕಾಲ ಕಡೆ ಹಿಡಿ ಬಾ," ಎಂದಳು ಹನುಮಮ್ಮ.

ಮೂರನೆಯ ಕೊಪ್ಪೆ ಹೊರಸಿನ ಕಡೆ ನೋಡಲಿಲ್ಲ. ದೋಣಿಯಿಂದಿಳಿದು ನೆಟ್ಟಗೆ ನಡೆಯಿತು. ಮಳೆ ಅದರ ಮೇಲೆ ಬೀಳುತ್ತಿರಲಿಲ್ಲ. ಹುಲುಗಮ್ಮ ತೋಳಿನ ಒಣಪಂಚೆ ಬಿಡಿಸಿ ಅವನ ಹೆಗಲಿಗೆ ಹಾಕಿ, ಕೈ ಹಿಡಿದುಕೊಂಡಳು. ಇಬ್ಬರೂ ದಡ ಹತ್ತಿ ಜೋಳದ ಹೊಲದ ಬದುವಿನಲ್ಲಿ ಮರೆಯಾದರು. ರಾಡಿಯಲ್ಲಿ ಒಂದೇ ಜೊತೆ ಹೆಜ್ಜೆ ಮೂಡಿತ್ತು.

"ಅಜ್ಜಾ," ಪ್ರಹ್ಲಾದ ಕೇಳಿದ, "ಫ್ಯಾನು ನೋಡಾಕ ನೀರಿಗಿಳಿದೋನು ಯಾರು?"

ಸುಂಕಪ್ಪ ಚುಕ್ಕಾಣಿ ಬಿಟ್ಟು, ನಾಲ್ಕನೆಯವನಿದ್ದ ಖಾಲಿ ಹಲಗೆಯ ಕಡೆ ತಿರುಗಿದ. "ಚಂದ್ರಣ್ಣ. ಈಜು ಬರೋದಿಲ್ರಿ ಅಂದ. ನನ್ನ ಹೆಂಡ್ತಿ ಸಲುವಾಗಿ ಇಳೀತೀನಿ ಅಂದ."

ದೀಪ ಹಚ್ಚುವ ಹೊತ್ತಿಗೆ ಸಿರುಗುಪ್ಪದ ಡಾಕ್ಟರು ತಾಯಿ, ಮಗು ಇಬ್ಬರನ್ನೂ ಉಳಿಸಿದರು. ಗಂಡು ಕೂಸು. ಪ್ರಹ್ಲಾದ ಆಸ್ಪತ್ರೆಯ ಬಾಗಿಲಿನಲ್ಲೇ ನಿಂತಿದ್ದ. ಉಚ್ಚೆಂಗೆಮ್ಮ ಕಣ್ಣು ಬಿಟ್ಟವಳೇ ಅವನನ್ನು ಗುರುತಿಸಿದಳು. "ನೀವು ದಾಟಿಸಿದ್ರಿ, ಪುಣ್ಯಾ ಬರ್ಲಿ. ಇವರಪ್ಪನ್ನ ಒಳಗ ಕಳಸ್ರಿ, ಹೊರಗ ಯಾಕ ನಿಂತಾರ?"

ಅವನು ಪೆಟ್ರೋಲ್ ಪೈಪಿನಿಂದ ಬಿಚ್ಚಿದ ಕರಿದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತೇ ಇದ್ದ.

ನೀವೇ ಹೇಳಿ. ಕೆಳಗೆ ಬಂಡೆ, ಪಕ್ಕದಲ್ಲಿ ಹೆರುವ ಹೆಂಗಸು, ಎದುರಿಗೆ ಮುಖವಿಲ್ಲದ ನಾಲ್ಕು ಕೊಪ್ಪೆ, ಅದರಲ್ಲಿ ಒಬ್ಬನನ್ನು ಬಿಟ್ಟು ಎಣಿಸಲೇಬೇಕು. ನಿಮ್ಮ ಬೆರಳು ಯಾರ ಮುಂದೆ ಮಡಚಿಕೊಳ್ಳುತ್ತಿತ್ತು?