ಎರಡು ಕೊಂಬೆಗೆ ಸೇರಿದ ಕಾಯಿಲೆ

"ನಿಮ್ಮ ಮರ ನನ್ನ ಕೈಬಿಟ್ಟಿದೆ!"

ಬಾಗಿಲು ತಳ್ಳಿಕೊಂಡು ಬಂದ ಮಕ್ಕಳ ಡಾಕ್ಟರನ್ನು ಕಂಡು ಅವಳು ಕೀಬೋರ್ಡಿನಿಂದ ಕೈ ತೆಗೆದಳು. ಇಬ್ಬರೂ ಮಾತುಬಿಟ್ಟು ಎಷ್ಟು ಕಾಲವಾಗಿತ್ತು!

ಆಸ್ಪತ್ರೆಯ ಗ್ರಂಥಾಲಯದಲ್ಲಿ ಅವಳದು ಕಾಯಿಲೆಗಳ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಮರದಂತೆ ಜೋಡಿಸುವ ಕೆಲಸ. ಡಾಕ್ಟರುಗಳು ಯಾವ ಕೊಂಬೆ ಹಿಡಿದು ಹುಡುಕುತ್ತಾರೋ, ಅದಕ್ಕೆ ಸೇರಿದ ಕಾಯಿಲೆಗಳ ಲೇಖನಗಳಷ್ಟೇ ಎದುರಿಗೆ ಬರುತ್ತಿದ್ದವು. ನರ್ಸುಗಳು ಅವಳನ್ನು 'ಕೊಂಬೆಯಮ್ಮ' ಎಂದೇ ಕರೆಯುತ್ತಿದ್ದರು.

"ಏನಾಯ್ತು ಡಾಕ್ಟ್ರೇ?"

"ಪುಟ್ಟ ಹುಡುಗಿ. ಒಂದು ಹೊತ್ತು ಊಟ ತಪ್ಪಿದ್ರೆ ಮಂಪರಿಗೆ ಜಾರ್ತಾಳೆ. ಲಿವರ್ ಊದಿದೆ. ಲಿವರಿನ ಕೊಂಬೆ ಪೂರ್ತಿ ಜಾಲಾಡಿದೆ, ಯಾವುದೂ ಹೊಂದ್ತಿಲ್ಲ. ಈ ಸಲ ಗ್ಲೂಕೋಸ್ ಹಾಕಿದ್ರೂ ಸರಿಯಾಗಿ ಕಣ್ಣು ಬಿಡ್ತಿಲ್ಲ…"

ಅವಳು ಕುರ್ಚಿಯನ್ನು ಅವನತ್ತ ತಿರುಗಿಸಿದಳು.

"ಮೆಟ್ಟಿಲು ಹತ್ತುತ್ತಾಳಾ?"

"ಇಲ್ಲ. 'ಎತ್ಕೊಂಡೇ ಅಭ್ಯಾಸವಾಗಿದೆ, ಮೈಗಳ್ಳಿ' ಅಂತಾರೆ ಅವರಜ್ಜಿ."

'ಮೈಗಳ್ಳತನವಲ್ಲ, ಸ್ನಾಯುಗಳಲ್ಲೇ ಬಲವಿಲ್ಲ!' ಎಂದು ಅವಳಿಗೆ ಹೊಳೆಯಿತು.

'ಒಂದೇ ಕಾಯಿಲೆ ಎರಡು ಕೊಂಬೆಗೆ ಸೇರಬಾರದಾ?' ಎಂದು ಅಂದು ಇವನೇ ವಾದಿಸಿದ್ದ. 'ಒಂದು ಹೆಸರಿಗೆ ಒಂದೇ ಜಾಗ' ಎಂದು ಅವಳು ಹಟ ಹಿಡಿದಿದ್ದಳು. ಅದೇ ಸಂಜೆ ಅವನು ಮದುವೆಯ ಮಾತೆತ್ತಿದ್ದ. 'ಅಮ್ಮನ್ನ ಬಿಟ್ಟು ಬರಲಾರೆ' ಎಂದಿದ್ದಳು. ಅವನು ಸುಮ್ಮನೆ ಎದ್ದು ಹೋಗಿದ್ದ. ಅಮ್ಮ ಬೇಡವಾದವನು ನನಗೇಕೆ ಎಂದು ಅವಳೂ ಮನಸ್ಸನ್ನು ಕಲ್ಲು ಮಾಡಿಕೊಂಡಿದ್ದಳು.

ಈಗ ಸ್ನಾಯುಗಳ ಕೊಂಬೆ ತೆರೆದಳು. ಉಪವಾಸ, ಮಂಪರು, ಲಿವರು… ಒಂದೊಂದನ್ನೇ ಸೇರಿಸಿ ಹುಡುಕಿದಳು. ಕೊನೆಗೆ ಉಳಿದದ್ದು ಒಂದೇ ಹೆಸರು. ಅದನ್ನು ಅಲ್ಲಿ ಕೂರಿಸಿದ್ದು ತಾನೇ!

"ಇದು… ಲಿವರಿಗೂ ಸೇರಬೇಕಿತ್ತು. ನನ್ನ ತಪ್ಪು ಡಾಕ್ಟ್ರೇ."

ಅವನು ಓದುತ್ತಾ ಹೋದ. ಮುಖದ ಬಣ್ಣ ಬದಲಾಯಿತು.

"ಇದಕ್ಕೆ ಔಷಧಿ ಇದೆ! ರಕ್ತ ಪರೀಕ್ಷೆಗೆ ಕಳಿಸಿಬಿಟ್ಟು, ಈಗಲೇ ಶುರು ಮಾಡ್ತೀನಿ."

ಓಡಿದ. ಅವಳು ಆ ಹೆಸರನ್ನು ಎರಡನೆಯ ಕೊಂಬೆಗೂ ಸೇರಿಸಿದಳು. ಆಮೇಲೆ ಮಾಡಲು ಕೆಲಸವೇ ತೋಚಲಿಲ್ಲ. ಕಾರಿಡಾರಿನಲ್ಲಿ ಚಪ್ಪಲಿ ಸದ್ದಾದಾಗಲೆಲ್ಲ ಬಾಗಿಲಿಗೆ ಹೋಗಿ ಇಣುಕುತ್ತಿದ್ದಳು. 'ಆ ಮಗುವಿಗೆ ಏನಾದರೂ ಆದರೆ…'

ಮರುದಿನ ಮಧ್ಯಾಹ್ನ ಅವನು ಬಂದು ಬಾಗಿಲಿಗೆ ಒರಗಿ ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು.

"ಎದ್ದಳು. ಎದ್ದವಳೇ ಅಜ್ಜಿ ಹತ್ರ ಜಗಳಕ್ಕೆ ನಿಂತಿದ್ದಾಳೆ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವನು ನೀರಿನ ಲೋಟ ಹತ್ತಿರಕ್ಕೆ ಸರಿಸಿದ.

"ಅವತ್ತು ಯಾಕೆ ಹಾಗೆ ಎದ್ದು ಹೋದ್ರಿ?"

"ನನ್ನ ಮೇಲೆ ಇಷ್ಟವಿಲ್ಲ ಅನ್ನೋದಕ್ಕೆ ಅಮ್ಮನ ನೆಪ ಹೇಳಿದ್ರಿ ಅಂದುಕೊಂಡೆ. ಅವರನ್ನ ಬಿಟ್ಟು ಬನ್ನಿ ಅಂತ ನಾನೆಲ್ಲಿ ಕೇಳಿದ್ದೆ?"

"ಬಾಯಿಬಿಟ್ಟು ಹೇಳಬಾರದಿತ್ತಾ!"

"ಕೊಂಬೆಯಮ್ಮನ ಹತ್ರ ವಾದ ಮಾಡಿ ಗೆದ್ದವರುಂಟಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ನಮ್ಮಮ್ಮ ಬೆಳಕು ಹರಿಯೋ ಮೊದಲೇ ರೇಡಿಯೋ ಜೋರಾಗಿ ಹಾಕ್ತಾರೆ… ಆಗುತ್ತಾ?"

"ಕಾಫಿ ಕೊಡ್ತಾರಲ್ಲ?"

"ನೀವೇ ಮಾಡಿ ಅವರಿಗೂ ಕೊಡಬೇಕು."

"ನಿಮಗೆ?"

ಅವಳು ತಲೆ ತಗ್ಗಿಸಿದಳು.

"ನನಗೆ… ಸಕ್ಕರೆ ಕಡಿಮೆ."