ಶರಣವ್ವನ ಕಪ್ಪು ಗೆರೆಗಳು

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಲಕ್ಷ್ಮೀ ಸತ್ತಳು. ಹತ್ತಕ್ಕೆಲ್ಲ ಸಿಟ್ಟಿಗೆದ್ದ ನಂಟರ ಕಲ್ಲೇಟಿಗೆ ದೇಶಪಾಂಡೆ ನಗರದ ಹೆರಿಗೆ ಆಸ್ಪತ್ರೆಯ ಗಾಜು ಪುಡಿಯಾಗಿತ್ತು.

ಸಬ್ ಇನ್‌ಸ್ಪೆಕ್ಟರ್ ಭುವನೇಶ್ವರಿ ಗುಂಪು ಸರಿಸಿ ಒಳಗೆ ಹೋದಳು. ಹಾಸಿಗೆಯ ಮೇಲೆ ಇಪ್ಪತ್ನಾಲ್ಕರ ಹೆಣ್ಣುಮಗಳು. ಸೋಮವಾರ ಹೊಟ್ಟೆ ಕೊಯ್ದು ಕೂಸು ತೆಗೆದಿದ್ದರು. ಹೊಲಿಗೆಯ ಸುತ್ತ ಚರ್ಮ ನೇರಳೆಗಟ್ಟಿತ್ತು. ಭುವನೇಶ್ವರಿ ಹೆಣ ಕಾಣದವಳೇನಲ್ಲ. ಆದರೂ ಹೊದಿಕೆಯನ್ನು ತಾನೇ ಎಳೆದು ಹೊಚ್ಚಿದಳು.

ಗಂಡ ಫಕೀರೇಶ, ಗರಗದ ನೇಕಾರ, ಕೂಸನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ್ದ.

“ಆಪರೇಷನ್ ಆದ ಮರುದಿನ ನಕ್ಕೋತ ಮಾತಾಡಿದ್ಲರಿ. ಹೊಲಿಗಿ ಹಾಕೋ ಮುಂದ ಡಾಕ್ಟರ್ ಹಾಡು ಹಾಡಿದ್ರಂತ. ಮಗಳು ಬೆಳದಮ್ಯಾಲ ಅದನ್ನ ಹೇಳತೇನಿ ಅಂದಿದ್ಲು. ಸಂಜೀಕ ಚಳಿಜ್ವರ ಬಂತು. ಯಾವ ವಿಷ ಹಾಕಿದ್ರೀ ಇಕಿಗೆ?”

ಮೇಲಿನ ಕೋಣೆಯಲ್ಲಿ ಡಾಕ್ಟರ್ ತ್ರ್ಯಂಬಕ ಬಿಸಿನೀರು ಗುಟುಕರಿಸುತ್ತಿದ್ದರು. ಮೂವತ್ತು ವರ್ಷದ ಕೈಗುಣ. ಜತೆಗೆ ಸಂಗೀತ. ಧಾರವಾಡದ ಬೈಠಕ್ಕುಗಳಲ್ಲಿ ಅವರ ಕಂಠಕ್ಕೆ ತಲೆದೂಗದವರಿಲ್ಲ. ಭುವನೇಶ್ವರಿ ಫಕೀರೇಶನ ಪ್ರಶ್ನೆಯನ್ನೇ ಅವರ ಮುಂದಿಟ್ಟಳು.

“ವಿಷ ಅಲ್ಲ ಮೇಡಂ, ನಂಜು. ನಮ್ಮ ಆಯಾ ಶರಣವ್ವ ಕತ್ತರಿ, ಚಿಮಟ ಸರಿಯಾಗಿ ಉಗಿಯೊಳಗ ಇಟ್ಟಿಲ್ಲ. ಮಂಗಳವಾರ ಆಪರೇಷನ್ ಆದ ಆರ್ಜೂ ಅನ್ನೋ ಬಾಣಂತಿಗೂ ಜ್ವರ ಬಂದದ. ದೊಡ್ಡ ದವಾಖಾನಿಗೆ ಕಳಿಸೇನಿ. ಕಂಪ್ಲೇಂಟ್ ಬರದು ಇಟ್ಟೇನಿ, ತಗೋರಿ.”

ಕಾಗದ ಅಚ್ಚುಕಟ್ಟಾಗಿತ್ತು. ಹೆಣ ಇನ್ನೂ ತಣ್ಣಗಾಗಿರಲಿಲ್ಲ. ಇಷ್ಟು ಲಗುಬಗೆ ಯಾಕೆ ಎಂದು ಭುವನೇಶ್ವರಿಗೆ ಅನ್ನಿಸಿತು.

* * *

ಶರಣವ್ವ ಠಾಣೆಯ ಬೆಂಚಿನ ತುದಿಯಲ್ಲಿ ಮುದುಡಿ ಕುಳಿತಿದ್ದಳು. ಉಣಕಲ್‌ನಲ್ಲಿ ಒಂದು ಕೋಣೆಯ ಮನೆ, ಹಿಂದಿಲ್ಲ ಮುಂದಿಲ್ಲ. ಜೈಲು ಎಂಬ ಮಾತಿಗೇ ಅವಳ ತುಟಿ ಒಣಗಿತ್ತು.

“ನನಗ ಓದಾಕ ಬರಾಕ ಬರೂದಿಲ್ಲರಿ. ಆದ್ರ ಸಾಮಾನಿನ ಗಂಟಿಗೆ ಒಂದು ಪಟ್ಟಿ ಹಚ್ಚತೇವಲ್ರಿ, ಉಗಿ ಹತ್ತಿದ್ರ ಅದರ ಮ್ಯಾಲ ಕರೀ ಗೆರಿ ಮೂಡತಾವ. ನಾಳೆ ಯಾರರ ಬೊಟ್ಟ ಮಾಡಿದ್ರ ತೋರ್ಸಾಕ ಇರಲಿ ಅಂತ ಆವತ್ತಾವತ್ತಿಂದು ಕ್ಯಾಲೆಂಡರಿಗೆ ಅಂಟಿಸೇನಿ.”

ಉಗಿಯಂತ್ರದ ಕೋಣೆಯ ಬಾಗಿಲ ಹಿಂದೆ ಕ್ಯಾಲೆಂಡರ್ ಸಿಕ್ಕಿತು. ಸೋಮವಾರದ ಚೌಕದಲ್ಲಿ ಪಟ್ಟಿ, ಮಂಗಳವಾರದ ಚೌಕದಲ್ಲಿ ಎರಡು. ಎಲ್ಲದರ ಮೇಲೂ ಕಪ್ಪು ಗೆರೆ ಮೂಡಿತ್ತು.

* * *

ಶುಕ್ರವಾರ ಸರಕಾರಿ ಲ್ಯಾಬಿನ ಡಾಕ್ಟರ್ ಮಂದಾಕಿನಿ ಫೋನ್ ಮಾಡಿದರು.

“ಇಬ್ಬರ ರಕ್ತದಾಗೂ ಒಂದೇ ಕ್ರಿಮಿ ಅದ, ಸ್ಟ್ರೆಪ್ಟೊಕಾಕಸ್. ಯಂತ್ರ, ಸಲೈನು ಎಲ್ಲಾ ನೋಡಿದೆ, ಚೊಕ್ಕ ಅವ. ಈ ಕ್ರಿಮಿ ಮನಷ್ಯಾರ ಗಂಟಲದಾಗ ಇರತದ. ಅದಕ್ಕಿಂತಾ ಅದು ಬಿಡೋ ವಿಷ ಕೆಟ್ಟದ್ದು. ರಕ್ತಕ್ಕ ಕೂಡಿತಂದ್ರ ಬಿ.ಪಿ. ಕುಸೀತದ, ಕಿಡ್ನಿ ನಿಲ್ಲತಾವ.”

“ಆರ್ಜೂ ಉಳೀತಾಳೇನ್ರಿ?”

“ಮಾಮೂಲಿ ಔಷಧ ಕ್ರಿಮಿ ಕೊಲ್ಲತದ. ವಿಷ ಹುಟ್ಟೋದನ್ನ ನಿಲ್ಲಸಲಿಕ್ಕೆ ಇನ್ನೊಂದು ಔಷಧ ಜೋಡಿ ಬೇಕು. ಈಗ ಶುರು ಮಾಡಸೇನಿ. ಮೊದಲ ದಿನಾನೇ ಯಾರರೇ ಇಂಥಾ ಕ್ರಿಮಿ ಅಂತ ಹೇಳಿದ್ರ ಲಕ್ಷ್ಮೀನೂ ಉಳೀತಿದ್ಲೋ ಏನೋ.”

ಅಂದೇ ಆಸ್ಪತ್ರೆಯ ಎಲ್ಲರ ಗಂಟಲಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆದರು. ಮೊದಲು ಬಾಯಿ ತೆರೆದವರು ತ್ರ್ಯಂಬಕರೇ. ಒಬ್ಬರ ಗಂಟಲಲ್ಲೂ ಕ್ರಿಮಿ ಇರಲಿಲ್ಲ. ಭುವನೇಶ್ವರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

* * *

ಆ ವಾರ ಅಲ್ಲಿ ಆಪರೇಷನ್ ಆದವರು ಮೂವರು. ಮೂರನೆಯವಳು ಬಿಬಿಜಾನ. ಮಂಗಳವಾರವೇ ಆರ್ಜೂ ಹೊರಬಂದ ಮೇಲೆ ಅದೇ ಮೇಜು, ಅದೇ ವೈದ್ಯರು. ಭಾನುವಾರ ಭುವನೇಶ್ವರಿ ಮನೆಗೆ ಹೋದಾಗ ಅವಳು ಮಂಚದ ಮೇಲೆ ಕುಳಿತು ಶಿರಾ ತಿನ್ನುತ್ತಿದ್ದಳು.

“ನಿಮಗ ಏನೂ ಆಗಲಿಲ್ಲ ನೋಡ್ರಿ.”

“ಏನೂ ಆಗಲಿಲ್ಲರಿ, ಹಾಡೂ ಕೇಳಲಿಲ್ಲ!” ಬಿಬಿಜಾನ ನಕ್ಕಳು. “ಆರ್ಜೂಗ ನಡಾ ಕೆಳಗಷ್ಟ ಮರಗಟ್ಟಿಸಿದ್ರಂತ, ಎಚ್ಚರ ಇದ್ಲು, ಅಂಜಿ ಅಳಾಕತ್ತಿದ್ದಳಂತ. ಡಾಕ್ಟರ್ ಸಾಹೇಬ್ರು ಮಾಸ್ಕ್ ಕೆಳಗ ಜಗ್ಗಿ, ಹೊಲಿಗಿ ಮುಗಿಯೋತನಕ ಹಾಡಿದ್ರಂತ. ನನಗ ಪೂರ್ತಿ ನಿದ್ದಿ ಔಷಧ ಕೊಟ್ಟಿದ್ರು. ನಸೀಬ್ ಇಲ್ಲರಿ ನನಗ.”

ಭುವನೇಶ್ವರಿ ತಟ್ಟನೆ ಎದ್ದು ನಿಂತಳು. ಫಕೀರೇಶನ ಮಾತು, ಮೇಲಿನ ಕೋಣೆಯ ಬಿಸಿನೀರು, ಎರಡೂ ಒಟ್ಟಿಗೆ ನೆನಪಾದವು. ಅವಳು ಹೊರಗೆ ಬಂದವಳೇ ಡಾಕ್ಟರು ಬೈಠಕ್ಕಿಗೆ ಹೋಗುವ ಧಾರವಾಡದಲ್ಲಿನ ಖಾಸಗಿ ಲ್ಯಾಬುಗಳಿಗೆ ಒಂದೊಂದಾಗಿ ಫೋನ್ ಹಚ್ಚಿದಳು. ನಾಲ್ಕನೆಯದರಲ್ಲಿ ಬೇಕಾದದ್ದು ಸಿಕ್ಕಿತು.

* * *

“ಸರ್, ಒಂದು ಹಾಡು ಹೇಳ್ರಿ.” ಸಂಜೆ ಭುವನೇಶ್ವರಿ ಅದೇ ಮೇಲಿನ ಕೋಣೆಯಲ್ಲಿ ನಿಂತಿದ್ದಳು.

ತ್ರ್ಯಂಬಕ ನಗಲು ನೋಡಿದರು. “ಇದೇನು ಚಾಷ್ಟಿ ಮೇಡಂ?”

“ಲಕ್ಷ್ಮೀಗೆ ಹಾಡಿದ್ರಿ, ಆಕಿ ಸತ್ತಳು. ಆರ್ಜೂಗೆ ಹಾಡಿದ್ರಿ, ಸಾಯಾಕತ್ತಾಳ. ಬಿಬಿಜಾನ ಮಲಗಿದ್ಲು, ಹಾಡೋ ಜರೂರ ಬೀಳಲಿಲ್ಲ, ಆಕಿ ಆರಾಮ ಅದಾಳ.” ಅವಳು ಮೇಜಿನ ಮೇಲೆ ಕಾಗದ ಇಟ್ಟಳು. “ಇದು ನಿಮ್ಮ ಗಂಟಲ ರಿಪೋರ್ಟ್. ಲಕ್ಷ್ಮೀ ಆಪರೇಷನ್‌ಗಿಂತ ನಾಕು ದಿನ ಮೊದಲಿಂದು. ಅದರಾಗೂ ಅದೇ ಕ್ರಿಮಿ. ಮಾಸ್ಕ್ ಜಗ್ಗಿ ಹಾಡಿದ್ರಿ, ಉಗುಳಿನ ಹನಿ ಜೋಡಿ ಗಾಯದಾಗ ಇಳೀತು.”

“ಎರಡು ದಿನ ಗುಳಿಗಿ ತಗೊಂಡೆ. ನೋವು ಹೋತು, ಬಿಟ್ಟುಬಿಟ್ಟೆ.”

“ಮಂಗಳವಾರ ಸಂಜೀಕ ಆಕಿಗೆ ಜ್ವರ ಬಂದಾಗ ನಿಮಗ ಗೊತ್ತಾತು. ಬಾಯಿ ಬಿಡಲಿಲ್ಲ. ಮತ್ತ ಗುಳಿಗಿ ನುಂಗಿ, ಶುಕ್ರವಾರ ನಮಗ ಚೊಕ್ಕ ಗಂಟಲ ತೋರಿಸಿದ್ರಿ. ತಪ್ಪು ಮಾತ್ರ ಶರಣವ್ವನ ಕೊರಳಿಗೆ ಕಟ್ಟಿದ್ರಿ.”

ತ್ರ್ಯಂಬಕ ಕಾಗದವನ್ನು ಮಡಚಿ ಪಕ್ಕಕ್ಕೆ ಸರಿಸಿದರು. “ಗಂಟಲದಾಗ ರೋಗ ಅದ ಅಂತ ಊರಿಗೆ ತಿಳದ್ರ ನನ್ನ ಹಾಡು ಯಾರು ಕೇಳ್ತಾರ?” ಎಂದರು. ಆ ಮಾತಿಗೆ ಭುವನೇಶ್ವರಿಗೆ ಉರಿದುಹೋಯಿತು.

“ನಡೀರಿ,” ಎಂದಳು.

* * *

ಸೋಮವಾರ ಆರ್ಜೂಳ ಬಿ.ಪಿ. ಏರಿತು. ಅವಳು ಕಣ್ಣು ಬಿಟ್ಟು ಮಗುವನ್ನು ಕೇಳಿದಳಂತೆ. ಶರಣವ್ವ ಠಾಣೆಗೆ ಬಂದು ತನ್ನ ಕ್ಯಾಲೆಂಡರ್ ಕೇಳಿದಳು. ಅದು ಸಾಕ್ಷಿ, ಕೊಡಲು ಬರುವುದಿಲ್ಲ ಎಂದರೆ, “ಹಂಗಾರ ಹೊಸಾದು ಕೊಡಸ್ರಿ, ಇನ್ನ ಪಟ್ಟಿ ಎಲ್ಲಿ ಅಂಟಸಲಿ?” ಎಂದು ಜಗಳಕ್ಕೇ ನಿಂತಳು.

ಫಕೀರೇಶ ಅಂಗಳದಲ್ಲಿ ಕೂಸು ಹಿಡಿದು ನಿಂತಿದ್ದ.

“ಖರೇ ಹೇಳ್ರಿ ಮೇಡಂ. ನನ್ನ ಹೇಣ್ತಿ ಯಾತರಿಂದ ಸತ್ತಳು?”

ಇದನ್ನು ಹೇಳುವುದಕ್ಕಿಂತ ಕಳ್ಳನ ಬೆನ್ನಟ್ಟುವುದು ಸುಲಭವಿತ್ತು. ಆದರೂ ಭುವನೇಶ್ವರಿ ಎಲ್ಲವನ್ನೂ ಹೇಳಿದಳು. ಹಾಡು, ಗಂಟಲು, ವಿಷ, ಮುಚ್ಚಿಟ್ಟ ಕಾಗದ.

ಅವನು ಕೂಸಿನ ಮುಖವನ್ನೇ ನೋಡುತ್ತ ನಿಂತ.

“ಆ ಹಾಡಿನ ಸುದ್ದಿ ಮಗಳಿಗೆ ಹೇಳಬೇಕಂತ ಆಕಿಗೆ ಭಾಳ ಆಸೆ ಇತ್ತರಿ,” ಎಂದ. “ನಾ ಹೇಳತೇನಿ. ಪೂರ್ತಿ ಹೇಳತೇನಿ.”